ಸೈನಿಕನ ಮನೆ, ನಮ್ಮ ಊರಿನ ಶಾಲೆ

(ಧ್ವಜ ದಿನದ ಸಂಜೆ ಗಿರಣಿ ಚಾಳಿನ ಬಯಲಿನಲ್ಲಿ ಮಾಡಿದ ಭಾಷಣ)



ಇಂದು ಡಿಸೆಂಬರ್ 7. 1949ರಿಂದ ಈ ದಿನವನ್ನು ನಮ್ಮ ದೇಶದಲ್ಲಿ ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಇಂದು ಬೆಳಿಗ್ಗೆ ಶಾಲೆಯ ಮಕ್ಕಳು ಡಬ್ಬಿ ಹಿಡಿದು ಪೇಟೆಯ ಸಾಲಿನಲ್ಲಿ ಬಂದುದನ್ನು ನೀವೂ ನೋಡಿದಿರಿ. ಒಂದು ಕಿರಾಣಿ ಅಂಗಡಿಯ ಹಿರಿಯರು ಡಬ್ಬಿಗೆ ನೋಟು ಹಾಕಿದರು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಆ ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಸಿಕೊಂಡರು. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ನಮ್ಮನ್ನು ಕರೆದು ಕೇಳಿದರು: "ಮಾಸ್ತರ, ವರ್ಷಾ ಹಾಕತೀವಿ. ಈ ರೊಕ್ಕ ಎಲ್ಲಿಗೆ ಹೋಗತದ್ರಿ?"

ನ್ಯಾಯವಾದ ಪ್ರಶ್ನೆ. ಕೊಟ್ಟ ಕೈ ಲೆಕ್ಕ ಕೇಳಬೇಕು. ಕೇಳದೆ ಕೊಡುವುದು ಭಕ್ತಿ. ಕೇಳಿ ಕೊಡುವುದು ಪೌರತ್ವ. ಆ ಹಿರಿಯರಿಗೆ ಕೊಡಬೇಕಾದ ಉತ್ತರವನ್ನೇ ಇಂದು ನಿಮ್ಮೆಲ್ಲರ ಮುಂದೆ ಇಡಬೇಕೆಂದು ಬಂದಿದ್ದೇವೆ.

ಈ ಹಣ ಧ್ವಜ ದಿನದ ನಿಧಿಗೆ ಸೇರುತ್ತದೆ. ಆ ನಿಧಿಯಿಂದ ಮಾಜಿ ಸೈನಿಕರ, ಸೈನಿಕರ ವಿಧವೆಯರ ಹಾಗೂ ಅವರ ಮಕ್ಕಳ ಸಹಾಯಕ್ಕೆ ಹಣ ಕೊಡುತ್ತಾರೆ. ಉದಾಹರಣೆಗೆ, ಪಿಂಚಣಿಯಿಲ್ಲದೆ ಮುಪ್ಪಿಗೆ ಬಂದ ಮಾಜಿ ಸೈನಿಕನಿಗೆ ಅಥವಾ ಅವನ ವಿಧವೆಗೆ ತಿಂಗಳಿಗೆ 4,000 ರೂಪಾಯಿ ಸಹಾಯಧನವಿತ್ತು. 2025ರ ನವೆಂಬರ್‌ನಿಂದ ಅದನ್ನು 8,000 ಮಾಡಿದರು. ಹವಾಲ್ದಾರ ದರ್ಜೆಯವರೆಗಿನವರ ಇಬ್ಬರು ಮಕ್ಕಳ ಓದಿಗೆ ಒಂದೊಂದು ಮಗುವಿಗೆ ತಿಂಗಳಿಗೆ 1,000 ರೂಪಾಯಿ ಇತ್ತು. ಅದನ್ನು 2,000ಕ್ಕೆ ಏರಿಸಿದರು. ಅರ್ಜಿ ಕೊಡಬೇಕಾದದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ.

ಹಾಗಾದರೆ ಎಲ್ಲವೂ ಸರಿಯಾಗಿದೆಯೆಂದು ಎದ್ದು ಹೋಗೋಣವೇ? ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಿಮಗೆ ಗೊತ್ತಿದೆ. ಸರಕಾರದ ಕಾಗದದಿಂದ ಸೈನಿಕನ ಮನೆಯ ಹೊಸ್ತಿಲಿಗೆ ದಾರಿ ಬಹಳ ಉದ್ದ. ಆ ದಾರಿಯಲ್ಲಿ ನಿಂತು ಕೈ ಹಿಡಿಯುವವರು ಯಾರು? ಇಂದಿನ ನಮ್ಮ ಮಾತೆಲ್ಲ ಇದೊಂದನ್ನೇ ಕುರಿತದ್ದು.

ಮೊದಲು, ಈ ಸೈನಿಕನಾದರೂ ಯಾರು ಎಂಬುದನ್ನು ನೋಡೋಣ. ನಮ್ಮ ನಾಡಿನಿಂದ ಸೈನ್ಯಕ್ಕೆ ಹೋದ ದೊಡ್ಡ ಹೆಸರುಗಳು ಎಲ್ಲರಿಗೂ ಗೊತ್ತು: ಕೊಡಗಿನ ಕಾರ್ಯಪ್ಪನವರು, ತಿಮ್ಮಯ್ಯನವರು. ಆದರೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದ ಮುಂದೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ದಳದ ಕೇಂದ್ರದ ಮುಂದೆ, ಭರ್ತಿಯ ಮೈದಾನದಲ್ಲಿ ಬೆಳಗಿನ ಜಾವ ಸಾಲುಗಟ್ಟಿ ನಿಲ್ಲುವ ಹುಡುಗರು ಬಂಗಲೆಗಳಿಂದ ಬಂದವರಲ್ಲ. ಎರಡು ಎಕರೆ ಒಣ ಬೇಸಾಯದ ರೈತನ ಎರಡನೆಯ ಮಗ. ಹಮಾಲಿ ಮಾಡುವವನ ಮಗ. ನೂಲಿನ ಖಾತೆಯಲ್ಲಿ ದುಡಿದು ಎದೆ ಕೆಡಿಸಿಕೊಂಡವನ ಮಗ. ಅವನು ಓದಿದ್ದು ಸರಕಾರಿ ಕನ್ನಡ ಶಾಲೆಯಲ್ಲಿ. ಮಳೆಗಾಲದಲ್ಲಿ ಸೋರುವ ಮೂಲೆ ಬಿಟ್ಟು ಸರಿದು ಕುಳಿತೇ ಅವನು ಮಗ್ಗಿ ಕಲಿತದ್ದು.

2016ರ ಫೆಬ್ರವರಿಯನ್ನು ನೆನೆಯಿರಿ. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಸೈನಿಕರು ಅಡಿಯಲ್ಲಿ ಸಿಕ್ಕಿದರು. ಅವರಲ್ಲಿ ಒಬ್ಬರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಐದಾರು ದಿನ ಹಿಮದಡಿಯಲ್ಲಿದ್ದು ಜೀವಸಹಿತ ಸಿಕ್ಕರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ದೀಪ ಹಚ್ಚದ ಮನೆಯಿರಲಿಲ್ಲ. ಮಸೀದಿಯಲ್ಲಿ, ಗುಡಿಯಲ್ಲಿ, ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಗಿರಣಿಯ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತವರೂ "ಹುಡುಗ ಉಳೀಲಿ" ಎಂದರು. ಜನರ ಆ ಪ್ರೀತಿ ಸುಳ್ಳಲ್ಲ. ಅದನ್ನು ಹಗುರಾಗಿ ಕಾಣುವವರು ನಾವಲ್ಲ.

ಆದರೆ ಪ್ರೀತಿಗೂ ಪಾಳಿಯಿರಬೇಕು, ಬಂಧುಗಳೇ. ಒಂದು ದಿನ ಮೂರೂ ಪಾಳಿ ದುಡಿದು ವರ್ಷವಿಡೀ ಮಲಗಿದರೆ ಗಿರಣಿ ನಡೆಯುತ್ತದೆಯೇ?

ನಾವು ಹಳ್ಳಿಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಕಂಡದ್ದನ್ನು ಹೇಳುತ್ತೇವೆ. ಊರ ಹೆಸರು, ಮನೆತನದ ಹೆಸರು ಬೇಡ. ಆ ಊರಿನ ಒಬ್ಬ ನಾಯಕ ದರ್ಜೆಯ ಸೈನಿಕ ಗುಂಡು ತಗುಲಿ ಸತ್ತವನಲ್ಲ. ಎತ್ತರದ ಠಾಣೆಯಲ್ಲಿ ಕಾಯಿಲೆ ಬಿದ್ದು ಸೈನ್ಯದ ಆಸ್ಪತ್ರೆಯಲ್ಲಿ ತೀರಿಕೊಂಡವನು. ದೇಹ ಬಂದ ದಿನ ಊರಿನ ತುಂಬ ಜನ. ಮುಖಂಡರು ಬಂದರು, ಅವರಿಗಿಂತ ಮೊದಲೇ ಅವರ ಚಿತ್ರದ ಫ್ಲೆಕ್ಸುಗಳು ಬಂದಿದ್ದವು. ನಿವೇಶನ ಕೊಡುತ್ತೇವೆ ಎಂದರು. ಮನೆಯ ಒಬ್ಬರಿಗೆ ನೌಕರಿ ಎಂದರು. ಶಾಲೆಗೆ ಅವನ ಹೆಸರಿಡುತ್ತೇವೆ ಎಂದರು. ಚಪ್ಪಾಳೆ ಬಿತ್ತು.

ಮೂರು ವರ್ಷದ ಮೇಲೆ ಅವನ ಹೆಂಡತಿ ಒಂದು ಮಧ್ಯಾಹ್ನ ಶಾಲೆಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಚಿ ಮಡಚಿ ಹರಿದ ಕಾಗದಗಳು. ನಾವು ಕುರ್ಚಿ ಕೊಟ್ಟು, ಊರವರ ಪರವಾಗಿ ಏನೋ ಗೌರವದ ಮಾತು ಆಡಹೊರಟೆವು. ಆ ತಾಯಿ ನಡುವೆಯೇ ತಡೆದು ಹೇಳಿದಳು: "ಮಾಸ್ತರ, ಅದೆಲ್ಲಾ ಆಗೇದ್ರಿ. ಈ ಕಾಗದದಾಗ ಏನ ಬರದದ, ಅಷ್ಟ ಓದಿ ಹೇಳ್ರಿ."

ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮದೋ ಮ್ಯಾಟ್ರಿಕ್ ತನಕದ ಇಂಗ್ಲಿಷು. ನಿಘಂಟು ಹಿಡಿದು ಕುಳಿತೆವು. ಆದರೂ ಪೂರ್ತಿ ತಿಳಿಯಲಿಲ್ಲ. ಕೊನೆಗೆ ಪಕ್ಕದ ಊರಿನ ನಿವೃತ್ತ ಹವಾಲ್ದಾರರೊಬ್ಬರನ್ನು ಕರೆತಂದೆವು. ಅವರು ಓದಿ ಹೇಳಿದರು: ಈ ಸಾವು ಸೈನ್ಯದ ಸೇವೆಯ ಕಾರಣದಿಂದ ಆದದ್ದಲ್ಲ, ಆದಕಾರಣ ಸಾಧಾರಣ ಪಿಂಚಣಿ ಮಾತ್ರ ಎಂದು ಬರೆದಿದ್ದಾರೆ, ಇದರ ಮೇಲೆ ಅಪೀಲು ಮಾಡುವ ಹಕ್ಕು ಇತ್ತು, ಅವಧಿ ಮೀರಿದೆ. ಮೂರು ವರ್ಷ ಆ ಕಾಗದ ಆ ಮನೆಯ ಟ್ರಂಕಿನಲ್ಲಿತ್ತು. ಊರಿನಲ್ಲಿ ಅದನ್ನು ಓದಿ ಹೇಳುವವರಿರಲಿಲ್ಲ. ಊರಿನ ಬಾಗಿಲಲ್ಲಿ ಮಾತ್ರ ಆ ಸೈನಿಕನ ಹೆಸರಿನ ಕಮಾನು ನಿಂತಿತ್ತು.

ಪಿಂಚಣಿಯ ಈ ಭೇದವನ್ನು ನೀವು ತಿಳಿದಿರಬೇಕು. ಸೈನಿಕ ಸತ್ತರೆ ಮನೆಗೆ ಬರುವ ಕುಟುಂಬ ಪಿಂಚಣಿಯಲ್ಲಿ ಮೂರು ಬಗೆಗಳಿವೆ. ಸಾವಿಗೂ ಸೇವೆಗೂ ಸಂಬಂಧವಿಲ್ಲವೆಂದು ತೀರ್ಮಾನವಾದರೆ ಸಾಧಾರಣ ಪಿಂಚಣಿ: ಸೇವೆಯಲ್ಲಿದ್ದಾಗ ಸತ್ತವನ ಮನೆಗೆ ಮೊದಲ ಹತ್ತು ವರ್ಷ ಕೊನೆಯ ವೇತನದ ಶೇಕಡ 50, ಆಮೇಲೆ ಶೇಕಡ 30. ಸೇವೆಯ ಕಾರಣದಿಂದ ಸಾವು ಬಂದಿತೆಂದು ಒಪ್ಪಿದರೆ ವಿಶೇಷ ಪಿಂಚಣಿ: ಶೇಕಡ 60. ಯುದ್ಧದಲ್ಲಿ ಅಥವಾ ಅದಕ್ಕೆ ಸಮನಾದ ಕಾರ್ಯಾಚರಣೆಯಲ್ಲಿ ಮಡಿದರೆ ಉದಾರೀಕೃತ ಪಿಂಚಣಿ: ಪೂರ್ತಿ ಶೇಕಡ 100. ಒಂದು ಶಬ್ದ ಈ ಕಡೆಯಾದರೆ ಮಕ್ಕಳಿಗೆ ಹಾಲು. ಆ ಕಡೆಯಾದರೆ ನೀರು. ಗಿರಣಿಯಲ್ಲಿ ಕೈ ಕಳೆದುಕೊಂಡವನಿಗೆ "ಅಪಘಾತ ಕೆಲಸದ ವೇಳೆಯಲ್ಲಿ ಆಗಿದ್ದಲ್ಲ" ಎಂದು ಮ್ಯಾನೇಜರು ಬರೆದರೆ ಏನಾಗುತ್ತದೆಂಬುದನ್ನು ನಿಮಗೆ ನಾವು ಬಿಡಿಸಿ ಹೇಳಬೇಕೇ? ಇದೂ ಅದೇ ಜಾತಿಯದು.

ಆ ಹವಾಲ್ದಾರರ ಸಹಾಯದಿಂದ, ತಡವಾದುದಕ್ಕೆ ಕ್ಷಮೆ ಕೋರಿ ಅಪೀಲು ಬರೆದೆವು. ಎರಡು ವರ್ಷ ಹಿಡಿಯಿತು. ಕೊನೆಗೆ ವಿಶೇಷ ಪಿಂಚಣಿ ಮಂಜೂರಾಯಿತು. ಅದು ನಮ್ಮ ಸಾಹಸವಲ್ಲ. ಆ ತಾಯಿಯ ಹಟ, ಹವಾಲ್ದಾರರ ತಾಳ್ಮೆ. ಅಪೀಲು ಅಲ್ಲಿ ಬಿದ್ದುಹೋಗಿದ್ದರೆ ಮುಂದಿನ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದು 2009ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕದ ದಾವೆಗಳನ್ನು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿಸಿದರು. ಬೀದರದ ಹಳ್ಳಿಯ ವಿಧವೆ ಕೊಚ್ಚಿಗೆ ದಾವೆ ಹೂಡಬೇಕೆಂದು ಗೆರೆ ಎಳೆದವರು ಒಮ್ಮೆ ನಕಾಶೆಯನ್ನು ನೋಡಬೇಕಾಗಿತ್ತು.

ಇನ್ನೊಂದು ಸಂಗತಿಯನ್ನು ಹೇಳಲು ಸಂಕೋಚವಾಗುತ್ತದೆ; ಆದರೂ ಹೇಳುತ್ತೇವೆ. ಹಣ ಬಂದ ಮನೆಗೆ ಜಗಳವೂ ಬರುತ್ತದೆ. ಮಗನನ್ನು ಕಳೆದುಕೊಂಡ ಅತ್ತೆಯ ದುಃಖ ಸುಳ್ಳಲ್ಲ. ಗಂಡನನ್ನು ಕಳೆದುಕೊಂಡ ಸೊಸೆಯ ದುಃಖವೂ ಸುಳ್ಳಲ್ಲ. ಇಬ್ಬರ ನಡುವೆ ಕುಳಿತು ಪಂಚಾಯಿತಿ ಮಾಡುವ ಹಿರಿಯರು ಕೆಲವು ಕಡೆ ತಮ್ಮ ಪಾಲನ್ನೂ ತೆಗೆದಿರಿಸುತ್ತಾರೆ. "ಮೈದುನನನ್ನೇ ಮದುವೆಯಾಗು, ರೊಕ್ಕ ಮನೆಯಲ್ಲೇ ಉಳಿಯಲಿ" ಎಂದು ಎಳೆಯ ವಿಧವೆಯ ಮೇಲೆ ಒತ್ತಾಯ ಹೇರುವುದುಂಟು. ಸರಕಾರದ ನಿಯಮವೂ ಬಹುಕಾಲ ಇದಕ್ಕೆ ಒತ್ತಾಸೆಯಾಗಿತ್ತು: ಶೌರ್ಯ ಪದಕ ಪಡೆದವನ ವಿಧವೆ ಮರುಮದುವೆಯಾದರೆ, ಗಂಡನ ಸಹೋದರನನ್ನೇ ಮದುವೆಯಾದಲ್ಲಿ ಮಾತ್ರ ಪದಕದ ಭತ್ಯೆ ಮುಂದುವರಿಯುತ್ತಿತ್ತು. ಆ ಷರತ್ತನ್ನು 2017ರ ನವೆಂಬರಿನಲ್ಲಿ ತೆಗೆದರು. ಕಾಗದದಿಂದ ಅಳಿಸಿದ್ದನ್ನು ಊರ ಕಟ್ಟೆಯಿಂದಲೂ ಅಳಿಸಬೇಕು. ವಿಧವೆಯ ಬದುಕು ಅವಳದು. ಅದನ್ನು ಹರಾಜು ಕಟ್ಟುವ ಅಧಿಕಾರ ಯಾವ ಗೌಡರಿಗೂ ಇಲ್ಲ.

ಈಗ ಬದುಕಿರುವ ಸೈನಿಕನ ಮಾತಿಗೆ ಬರೋಣ. 2022ರ ಜೂನ್ 14ರಂದು ಕೇಂದ್ರ ಸರಕಾರ ಅಗ್ನಿಪಥ ಎಂಬ ಯೋಜನೆಯನ್ನು ಪ್ರಕಟಿಸಿತು. ಅದರಂತೆ ಹದಿನೇಳೂವರೆ ವರ್ಷದಿಂದ ಇಪ್ಪತ್ತೊಂದರ ಒಳಗಿನ ಹುಡುಗನನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ನಾಲ್ಕು ವರ್ಷ ಮುಗಿದ ಮೇಲೆ ನೂರರಲ್ಲಿ ಇಪ್ಪತ್ತೈದು ಜನರವರೆಗೆ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳುಹಿಸುವುದು. ಹೋಗುವವನ ಕೈಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ. ಆದರೆ ಲೆಕ್ಕ ಬಲ್ಲವರು ಗಮನಿಸಿರಿ: ಆ ಗಂಟಿನ ಅಸಲಿನಲ್ಲಿ ಅರ್ಧ ಅವನ ಸಂಬಳದಿಂದಲೇ ತಿಂಗಳಿಗೆ ನೂರಕ್ಕೆ ಮೂವತ್ತರಂತೆ ಹಿಡಿದದ್ದು. ಮೊದಲ ವರ್ಷ 30,000 ಸಂಬಳವೆಂದರೆ ಕೈಗೆ ಬರುವುದು 21,000. ಪಿಂಚಣಿ ಇಲ್ಲ, ಗ್ರ್ಯಾಚುಯಿಟಿ ಇಲ್ಲ.

ಕರ್ತವ್ಯದ ಮೇಲೆ ಸತ್ತರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ ಹಾಗೂ ಉಳಿದ ಅವಧಿಯ ಸಂಬಳ ಇವೆಯೆಂಬುದನ್ನೂ ಹೇಳಬೇಕು. ಅರ್ಧ ಸತ್ಯ ಹೇಳಿ ಚಪ್ಪಾಳೆ ಗಿಟ್ಟಿಸುವುದು ನಮಗೆ ಬೇಡ. ಹಣ ಕಡಿಮೆಯಲ್ಲ. ಆದರೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಅದರಲ್ಲಿಲ್ಲ. ಒಮ್ಮೆಗೇ ಬಂದ ದೊಡ್ಡ ಗಂಟು ಹಳ್ಳಿಯ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ, ಯಾರು ಯಾರ ಕಣ್ಣು ಅದರ ಮೇಲೆ ಬೀಳುತ್ತದೆ ಎಂಬುದನ್ನು ಈಗ ತಾನೇ ಹೇಳಿದೆವು. ವಿಧವೆಯನ್ನು ಕಾಯುವುದು ಗಂಟಲ್ಲ, ಅವಳ ಹೆಸರಿಗೆ ತಪ್ಪದೆ ಬರುವ ತಿಂಗಳ ಹಣ.

ಗಿರಣಿ ಬಂಧುಗಳೇ, ಈ ಯೋಜನೆಯ ಅರ್ಥ ನಿಮಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಬದಲಿ ಕಾಮಗಾರ ಎಂದರೇನೆಂದು ನೀವು ಬಲ್ಲಿರಿ. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಒಳಗೆ ಯಾರಾದರೂ ಗೈರುಹಾಜರಾದರೆ ತನಗೆ ಕೆಲಸ ಸಿಕ್ಕೀತೆಂದು ಕಾಯುವವನ ಮುಖವನ್ನು ನೀವು ಕಂಡಿದ್ದೀರಿ. ಕಂತ್ರಾಟಿನ ಮೇಲೆ ಬಂದವನು ಅದೇ ಮಗ್ಗದ ಮುಂದೆ ಅದೇ ಕೆಲಸ ಮಾಡಿಯೂ ಅರ್ಧ ಕೂಲಿ ಎಣಿಸುವುದನ್ನು ಕಂಡಿದ್ದೀರಿ. ಅದೇ ಪದ್ಧತಿ ಶಾಲೆಗೆ ಬಂತು: ಖಾಯಂ ಶಿಕ್ಷಕರ ಜಾಗದಲ್ಲಿ ವರ್ಷ ವರ್ಷಕ್ಕೆ ಅತಿಥಿ ಶಿಕ್ಷಕರು. ಮನೆಗೆ ಬಂದ ಅತಿಥಿಗೆ ಊಟ ಹಾಕಿ ಕಳುಹಿಸುವುದು ನಮ್ಮ ಪದ್ಧತಿ. ಈ ಅತಿಥಿಗೆ ತಿಂಗಳುಗಟ್ಟಲೆ ಸಂಬಳವೇ ಬಾರದಿರುವುದುಂಟು. ಗಿರಣಿಯಲ್ಲಿ ಬದಲಿ, ಶಾಲೆಯಲ್ಲಿ ಅತಿಥಿ, ಈಗ ಗಡಿಯಲ್ಲಿ ನಾಲ್ಕು ವರ್ಷದ ಯೋಧ. ಹೆಸರು ಮೂರು, ಯುಕ್ತಿ ಒಂದೇ: ದುಡಿಮೆ ಪೂರ್ತಿ ತೆಗೆದುಕೊಳ್ಳುವುದು, ಮುಪ್ಪಿನ ಹೊಣೆ ಕೈಬಿಡುವುದು.

ಮೊದಲ ತಂಡದ ಹುಡುಗರು ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭಕ್ಕೆ. ಇಪ್ಪತ್ತೆರಡು, ಇಪ್ಪತ್ತೈದರ ವಯಸ್ಸಿನಲ್ಲಿ ಮರಳಿ ಬರುವ ಹುಡುಗರಿಗೆ ಊರಿನಲ್ಲಿ ಏನಿದೆ? ಯಾವುದಾದರೂ ಕಟ್ಟಡದ ಮುಂದೆ ಕಾವಲುಗಾರನ ಸ್ಟೂಲು. ದೇಶ ಕಾಯ್ದವನಿಗೆ ಶೆಟ್ಟರ ಗೋದಾಮು ಕಾಯುವ ಗತಿ ಬರಬಾರದೆಂದರೆ ಅವನಿಗೆ ಓದು ಮುಂದುವರಿಸುವ ದಾರಿ, ಕೈಕಸುಬು, ಖಾಯಂ ಕೆಲಸ ಬೇಕು. ಇದನ್ನು ಸರಕಾರದ ಮುಂದೆ ಕೇಳುವುದು ದೇಶದ್ರೋಹವೆಂದು ಯಾರಾದರೂ ಹೇಳಿದರೆ, ಹಾಗೆ ಹೇಳುವವರ ಮಕ್ಕಳಲ್ಲಿ ಎಷ್ಟು ಮಂದಿ ಭರ್ತಿಯ ಸಾಲಿನಲ್ಲಿ ನಿಂತಿದ್ದಾರೆಂದು ಕೇಳಿರಿ.

"ಯುದ್ಧ ಬೇಡವೆನ್ನುವ ಸಮಾಜವಾದಿಗಳಿಗೆ ಸೈನಿಕರ ಗೊಡವೆಯೇಕೆ?" ಎಂದು ನಮ್ಮನ್ನು ಕೇಳುವವರುಂಟು. ಯುದ್ಧ ಬೇಡವೆಂಬುದು ನಿಜ. ಯುದ್ಧ ಬೇಡವೆಂದು ಎಲ್ಲರಿಗಿಂತ ಹೆಚ್ಚಾಗಿ ಬೇಡುವವಳು ಸೈನಿಕನ ತಾಯಿಯೇ. ಕೇಳುವವರಿಗೆ ಒಬ್ಬರ ಹೆಸರನ್ನು ನೆನಪಿಸುತ್ತೇವೆ. ಮಂಗಳೂರಿನಲ್ಲಿ ಹುಟ್ಟಿ, 1974ರ ರೈಲ್ವೆ ಮುಷ್ಕರದ ಮುಂದಾಳಾಗಿದ್ದ ಜಾರ್ಜ್ ಫರ್ನಾಂಡಿಸರು 1998ರಿಂದ 2004ರವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ದೇಶದ ರಕ್ಷಣಾ ಮಂತ್ರಿಯಾಗಿದ್ದರು. ಅವರ ರಾಜಕೀಯದ ಕೊನೆಯ ದಾರಿಯ ಬಗ್ಗೆ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿದೆ; ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಜವಾನರ ಜೊತೆ ಕುಳಿತವರು. ಅಲ್ಲಿನವರಿಗೆ ಹಿಮದ ಮೇಲೆ ಓಡುವ ಬಂಡಿಗಳು ಬೇಕಾಗಿದ್ದವು. ಕಡತ ದಿಲ್ಲಿಯ ಬೆಚ್ಚನೆಯ ಕೋಣೆಯಲ್ಲಿ ಕುಳಿತಿತ್ತು. ಕಡತ ತಡೆದ ಅಧಿಕಾರಿಗಳಿಗೆ ಅವರು ಸಿಯಾಚಿನ್‌ಗೇ ಹೋಗಿ ನೋಡಿ ಬರುವಂತೆ ಆಜ್ಞೆ ಮಾಡಿದರು. ನಮ್ಮ ತಾಲೂಕು ಕಚೇರಿಗೂ ಅಂಥ ಒಂದು ಆಜ್ಞೆ ಬೇಕಾಗಿದೆ.

ಏಕೆಂದರೆ ನಮ್ಮ ತಾಲೂಕಿನ ರಾಜಕೀಯವೂ ಈ ಮಾತಿಗೆ ಹೊರತಲ್ಲ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಪಾಲು ಇರಿಸಿದ್ದಾರೆ. ಆದರೆ ಅರ್ಜಿ ಕೊಟ್ಟ ಮಾಜಿ ಸೈನಿಕ ಮುದುಕನಾಗುತ್ತಾನೆ, ಅರ್ಜಿ ಮಾತ್ರ ಎಳೆಯದಾಗಿಯೇ ಇರುತ್ತದೆ. "ಜಮೀನು ಲಭ್ಯವಿಲ್ಲ" ಎಂದು ಬರೆಯುತ್ತಾರೆ. ಅದೇ ಊರಿನ ಗಾಯರಾಣದಲ್ಲಿ ಪುಢಾರಿಯ ಬೇಲಿ ವರ್ಷ ವರ್ಷಕ್ಕೆ ಮುಂದೆ ಸರಿಯುತ್ತದೆ. ಚುನಾವಣೆ ಬಂದಾಗ ಮಾತ್ರ ಅದೇ ಮಾಜಿ ಸೈನಿಕನನ್ನು ಪದಕ ಧರಿಸಿ ಬಾ ಎಂದು ಕರೆದು ವೇದಿಕೆಯ ಮೇಲೆ ಕೂರಿಸುತ್ತಾರೆ. ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗವು 2013ರಲ್ಲಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಬೇಕಾಯಿತು. ಒಂದೇ ಮಾತನ್ನು ಎರಡು ಸಲ ಹೇಳಿಸಿಕೊಳ್ಳುವ ವಿದ್ಯಾರ್ಥಿಯನ್ನು ನಾವು ಶಾಲೆಯಲ್ಲಿ ಎಲ್ಲಿ ನಿಲ್ಲಿಸುತ್ತಿದ್ದೆವೆಂದು ನಿಮಗೆ ಗೊತ್ತು.

ಶಾಲೆಯ ಮಾತು ಬಂತು, ಅಲ್ಲಿಗೇ ಹೋಗೋಣ. ಸೈನಿಕರ ಮಕ್ಕಳ ಓದಿನ ಕುರಿತು ಸರಕಾರ ಏನೂ ಮಾಡಿಲ್ಲವೆನ್ನಲಾಗದು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ, ಕೊಡಗಿನದು 2007ರಲ್ಲಿ ಆರಂಭವಾದವು. ಬೆಳಗಾವಿಯಲ್ಲಿ ಮಿಲಿಟರಿ ಶಾಲೆಯಿದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ರಾಣಿ ಚೆನ್ನಮ್ಮನ ಹೆಸರಿನ ಸೈನಿಕ ವಸತಿ ಶಾಲೆಯಿದೆ. 1971ರ ಯುದ್ಧದ ನಂತರ, ಮಡಿದ ಹಾಗೂ ಅಂಗವಿಕಲರಾದ ಸೈನಿಕರ ಮಕ್ಕಳ ಶುಲ್ಕವನ್ನು ಪೂರ್ತಿ ಸರಕಾರವೇ ಕೊಡುವ ಏರ್ಪಾಡು ಮಾಡಿದರು. ನಾಲ್ಕು ದಶಕ ಅದು ನಡೆಯಿತು. 2017ರ ಜುಲೈಯಲ್ಲಿ ಒಂದು ಆದೇಶ ಹೊರಡಿಸಿ, ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲವೆಂದರು. ಸೈನಿಕರ ಮನೆಗಳು, ಮಾಜಿ ಸೈನಿಕರು, ಸೇನಾ ಮುಖ್ಯಸ್ಥರು ಕೂಡ ಆಕ್ಷೇಪಿಸಿದರು. 2018ರ ಮಾರ್ಚ್‌ನಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಇದರಿಂದ ಎರಡು ಪಾಠ: ಕೊಟ್ಟದ್ದನ್ನು ಒಂದು ಸುತ್ತೋಲೆ ಕಿತ್ತುಕೊಳ್ಳಬಲ್ಲದು, ಕೂಡಿ ಕೇಳಿದರೆ ಕಿತ್ತುಕೊಂಡದ್ದು ಮರಳಿ ಬರುತ್ತದೆ.

ಆದರೆ ದೊಡ್ಡ ಶುಲ್ಕದ ಶಾಲೆಗೆ ಹೋಗುವ ಮಗುವಿಗೆ ಈ ಏರ್ಪಾಡಿನ ಪ್ರಯೋಜನ ಹೆಚ್ಚು. ನಮ್ಮ ಜವಾನನ ಮಗು ಎಲ್ಲಿದೆ? ತಂದೆ ಗಡಿಯ ಠಾಣೆಯಲ್ಲಿದ್ದಾಗ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅವರು ಇಲ್ಲಿಯೇ ನಮ್ಮ ಓಣಿಯಲ್ಲಿ, ನಮ್ಮ ಹಳ್ಳಿಯಲ್ಲಿದ್ದಾರೆ. ನಿಮ್ಮ ಮಕ್ಕಳ ಪಕ್ಕದಲ್ಲಿಯೇ ಕುಳಿತು ಓದುತ್ತಾರೆ. ಆ ಶಾಲೆಯಲ್ಲಿ ಗಣಿತದ ಮಾಸ್ತರರಿಲ್ಲದಿದ್ದರೆ ಸೈನಿಕನ ಮಗಳಿಗೂ ಗಣಿತವಿಲ್ಲ, ನಿಮ್ಮ ಮಗಳಿಗೂ ಗಣಿತವಿಲ್ಲ. ಶೌಚಾಲಯಕ್ಕೆ ನೀರಿಲ್ಲದಿದ್ದರೆ ಇಬ್ಬರೂ ಮನೆಯಲ್ಲಿ ಉಳಿಯುತ್ತಾರೆ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಲಡಾಖಿನಲ್ಲಿ. ವಿದ್ಯಾರ್ಥಿವೇತನದ ಅರ್ಜಿಗೆ ತಂದೆಯ ಸಹಿ ಬೇಕು, ಆದಾಯ ಪ್ರಮಾಣಪತ್ರಕ್ಕೆ ತಂದೆಯೇ ನಾಡಕಚೇರಿಗೆ ಬರಬೇಕು ಎಂದು ಕೆಳಗಿನ ಗುಮಾಸ್ತರು ಹಟ ಹಿಡಿದರು. ತಾಯಿ ಮೂರು ಸಲ ಹೋಗಿ ಮೂರು ದಿನದ ಕೂಲಿ ಕಳೆದುಕೊಂಡಳು. ಅರ್ಜಿಯ ಅವಧಿ ಮುಗಿಯಿತು. ಆಗಸ್ಟ್ 15ರಂದು ಅದೇ ಹುಡುಗನನ್ನು ವೇದಿಕೆಗೆ ಕರೆದು "ವೀರ ಯೋಧನ ಪುತ್ರ" ಎಂದು ಶಾಲು ಹೊದಿಸಿದೆವು. ನಾವೂ ಚಪ್ಪಾಳೆ ತಟ್ಟಿದವರೇ. ಹುಡುಗ ಶಾಲನ್ನು ಮಡಚಿ ಬಗಲಲ್ಲಿಟ್ಟುಕೊಂಡು, "ಸರ್, ಆ ಫಾರ್ಮು ಇನ್ನ ತಗೋತಾರೇನ್ರಿ?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಮಾಸ್ತರಿಕೆ ಬಿಟ್ಟು ಈ ಕೆಲಸಕ್ಕೆ ಬಂದುದಕ್ಕೆ ಕಾರಣಗಳು ಹಲವು. ಆ ಪ್ರಶ್ನೆ ಅವುಗಳಲ್ಲಿ ಒಂದು.

ಕಾನೂನು ನಮ್ಮ ಕೈಯಲ್ಲಿದೆ, ಬಂಧುಗಳೇ. 2009ರ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬ ಎಂದು ಅದರಲ್ಲಿದೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರು ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಎಂದಿದೆ. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಸಮಿತಿಗಳು 2001ರಿಂದಲೇ ಇವೆ. ಆ ಸಮಿತಿಯ ಸಭೆಗೆ ನಿಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೀರಿ? ನೀವು ಹೋಗದ ಕುರ್ಚಿಯಲ್ಲಿ ಪುಢಾರಿಯ ಭಾವಮೈದುನ ಕುಳಿತಿರುತ್ತಾನೆ. ತಪ್ಪು ಅವನೊಬ್ಬನದೇ ಅಲ್ಲ.

ಪಿಂಚಣಿಯೂ ಈಗ ಗಣಕಯಂತ್ರದ ಕೈಗೆ ಹೋಗಿದೆ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಗುರುತು ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2022ರ ಏಪ್ರಿಲ್ ತಿಂಗಳ ಪಿಂಚಣಿ ಈ ಕಾರಣದಿಂದ ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ರಕ್ಷಣಾ ಪಿಂಚಣಿದಾರರಿಗೆ ಸಮಯಕ್ಕೆ ಸೇರಲಿಲ್ಲ. ಆಮೇಲೆ ಗಡುವು ಮುಂದೂಡಿ ಹಣ ಬಿಟ್ಟರು. ಎಂಬತ್ತು ವರ್ಷದ ಅಜ್ಜಿಗೆ ಬೆರಳಿನ ಗೆರೆಯೇ ಸವೆದಿರುತ್ತದೆ. ಯಂತ್ರ ಅವಳನ್ನು ಗುರುತಿಸುವುದಿಲ್ಲ. ಯಂತ್ರಕ್ಕೆ ಗುರುತು ಸಿಗದವಳನ್ನು ಓಣಿಯವರು ಗುರುತಿಸಬೇಡವೇ?

ಅಂಗಡಿಕಾರ ಮಿತ್ರರೇ, ಈ ವಿಷಯದಲ್ಲಿ ನಿಮಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಹಣ ಬರುವುದು ತಡವಾದ ತಿಂಗಳುಗಳಲ್ಲಿ ಸೈನಿಕರ ಮನೆಯ ಒಲೆ ಉರಿದಿದ್ದರೆ ಅದು ನಿಮ್ಮ ಉದ್ರಿ ಪುಸ್ತಕದ ದಯೆಯಿಂದ. ಯಾವ ಗೆಜೆಟ್ಟಿನಲ್ಲೂ ಅದು ಬರೆದಿಲ್ಲ. ಬೇಡಿಕೊಳ್ಳುವುದು ಇಷ್ಟೇ: ಅಂಥ ಮನೆಯ ಉದ್ರಿಗೆ ಬಡ್ಡಿ ಹಚ್ಚಬೇಡಿರಿ, ಬಾಕಿಯ ಮಾತನ್ನು ಮಕ್ಕಳ ಮುಂದೆ ಆಡಬೇಡಿರಿ.

ಇನ್ನು ನಾವು ಮಾಡಬೇಕಾದ ಕೆಲಸಗಳು. ಗಿರಣಿ ಸಂಘದ ಕಚೇರಿಯಲ್ಲಿ ಒಂದು ವಹಿ ಇಡೋಣ. ಪ್ರತಿಯೊಂದು ಓಣಿಯ ಸೈನಿಕರ, ಮಾಜಿ ಸೈನಿಕರ, ವಿಧವೆಯರ ಮನೆಗಳ ಹೆಸರು ಅದರಲ್ಲಿರಲಿ. ವಾರಕ್ಕೆ ಒಂದು ಸಂಜೆ, ಓದುಬರಹ ಬಲ್ಲ ಇಬ್ಬರು ಅಲ್ಲಿ ಕುಳಿತು ಬಂದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲಿ, ಅರ್ಜಿ ತುಂಬಲಿ. ಕಾಸು ಮುಟ್ಟಬಾರದು, ದಲ್ಲಾಳಿಗಳ ಹೊಸ ಅಂಗಡಿ ತೆರೆಯುವುದು ನಮ್ಮ ಉದ್ದೇಶವಲ್ಲ. ವರ್ಷದ ಗುರುತು ಕೊಡುವ ತಿಂಗಳಲ್ಲಿ ಹುಡುಗರು ಮನೆಮನೆಗೆ ಹೋಗಿ ಮುದುಕರನ್ನು ಕೈಹಿಡಿದು ಕರೆದೊಯ್ಯಲಿ. ಶಾಲಾ ಸಮಿತಿಯ ಮುಂದಿನ ಸಭೆಗೆ ಪ್ರತಿ ಚಾಳಿನಿಂದ ಇಬ್ಬರು ತಾಯಂದಿರು ಹೋಗಲೇಬೇಕು. ಅದೇ ವಹಿಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕವಿರಲಿ: ಯಾವ ಮುಖಂಡರು, ಯಾವ ದಿನ, ಯಾವ ಸೈನಿಕನ ದೇಹದ ಮುಂದೆ ನಿಂತು ಏನು ಕೊಡುತ್ತೇವೆಂದರು ಎಂಬುದು. ಮತ ಕೇಳಲು ಬಂದ ದಿನ ಆ ಪುಟವನ್ನು ಬಿಚ್ಚಿ ಓದೋಣ. ಬೈಗುಳ ಬೇಕಿಲ್ಲ, ಓದಿದರೆ ಸಾಕು.

ಕೊನೆಯದಾಗಿ ಒಂದು ಸಂಗತಿ. 1965ರ ಯುದ್ಧದಲ್ಲಿ ನಿವೃತ್ತ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಕಾರ್ಯಪ್ಪನವರ ಹಳೆಯ ಪರಿಚಿತರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಮಿಕ್ಕ ಸೆರೆಯಾಳುಗಳಿಗಿಲ್ಲದ್ದು ತಮ್ಮ ಮಗನಿಗೆ ಬೇಡವೆಂದರು. ಒಬ್ಬ ಜನರಲ್ ತನ್ನ ಮಗನನ್ನು ಜವಾನರ ಸಾಲಿಗೆ ಸೇರಿಸಿದ. ನಮ್ಮ ಕೆಲಸ ಅದಕ್ಕಿಂತ ಸುಲಭ: ಜವಾನನ ಮಗುವನ್ನು ನಮ್ಮ ಮಕ್ಕಳ ಸಾಲಿಗೆ ಸೇರಿಸಿಕೊಳ್ಳುವುದು, ಆ ಸಾಲು ಕುಳಿತಿರುವ ಶಾಲೆಯನ್ನು ಉಳಿಸಿಕೊಳ್ಳುವುದು.

ಬೆಳಿಗ್ಗೆ ಪ್ರಶ್ನೆ ಕೇಳಿದ ಹಿರಿಯರು ಸಭೆಯಲ್ಲಿದ್ದಾರೆ. ಕಾಕಾ, ನೀವು ಹಾಕಿದ ರೊಕ್ಕ ಎಲ್ಲಿಗೆ ಹೋಗುತ್ತದೆಂದು ಕೇಳಿದಿರಿ. ಅದು ದಿಲ್ಲಿಯ ತನಕ ಹೋಗುತ್ತದೆ. ಅಲ್ಲಿಂದ ನಿಮ್ಮ ಅಂಗಡಿಯ ಹಿಂದಿನ ಓಣಿಗೆ ಮರಳಿ ಬರುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ವಹಿ ತಂದಿದ್ದೇವೆ. ಹೆಸರು ಬರೆಯಿಸುವವರು ಸಭೆ ಮುಗಿದ ಮೇಲೆ ದೀಪದ ಕಂಬದ ಬಳಿ ಬರಬೇಕು.